ಬಸಮ್ಮನ ಎದೆಯ ಎರಡು ಫಿಲಂ

ಎಕ್ಸ್‌ರೇ ಕೆಲಸಕ್ಕೆ ಹೊಸದಾಗಿ ಸೇರಿದವರು ಮಾತಿಗೆ ಸಿಕ್ಕರೆ ಮೊದಲು ಕೇಳುವುದು ಯಂತ್ರದ ವಿಷಯ. ಆಗಿನ ಯಂತ್ರ ಎಷ್ಟು ಶಕ್ತಿಯದು, ಕರೆಂಟು ಎಲ್ಲಿಂದ ಬರುತ್ತಿತ್ತು, ಫಿಲಂ ಹೇಗೆ ತೊಳೆಯುತ್ತಿದ್ದಿರಿ ಎಂದು. ಹೇಳುತ್ತೇನೆ, ಅವರು ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ರೋಗಿಯನ್ನು ನಿಲ್ಲಿಸಿಕೊಂಡು ನೀವು ಏನು ಕೇಳುತ್ತಿದ್ದಿರಿ, ಫಿಲಂ ನೋಡಿದ ಡಾಕ್ಟರು ಏನು ಬರೆಯುತ್ತಿದ್ದರು ಎಂದು ಇದುವರೆಗೆ ಯಾರೂ ಕೇಳಿಲ್ಲ. ನಾನು ಈ ವೃತ್ತಿಯಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಎರಡಕ್ಕೆ ಸೇರಿದ್ದು. ಕಲಿತದ್ದು ಮೊದಲ ಎರಡು ವರ್ಷಗಳಲ್ಲಿ, ಶಿಕಾರಿಪುರ ಮತ್ತು ಸೊರಬದ ನಡುವೆ ಓಡಾಡುತ್ತ.

1957ರ ಮಳೆಗಾಲ ಮುಗಿದ ಮೇಲೆ ನಾನು ಆ ಘಟಕಕ್ಕೆ ಸೇರಿದೆ. ಅದರ ಹೆಸರು ಇಲ್ಲಿ ಬೇಡ, ಅದು ಈಗ ಇಲ್ಲ. ನಮ್ಮಲ್ಲಿದ್ದದ್ದು ಒಂದು ವ್ಯಾನು, ಅದರ ಹಿಂದೆ ಕಟ್ಟಿದ ಜನರೇಟರು, ಮಡಿಸಿ ಒಯ್ಯಬಹುದಾದ ಸಣ್ಣ ಯಂತ್ರ, ಕಪ್ಪು ಬಟ್ಟೆಯ ಡೇರೆ. ಡೇರೆಯೇ ಡಾರ್ಕ್‌ರೂಮು. ಎರಡು ವಾರ ಶಿಕಾರಿಪುರದಲ್ಲಿ, ಎರಡು ವಾರ ಸೊರಬದಲ್ಲಿ ಕ್ಯಾಂಪು. ಹೆಚ್ಚಾಗಿ ಎದೆಯ ಫಿಲಂ, ಕ್ಷಯ ಹುಡುಕುವುದಕ್ಕೆ. ನಡುವೆ ಕೈ ಕಾಲು ಮುರಿದವರು ಬಂದರೆ ಅವರದೂ. ತೆಗೆದ ಫಿಲಂಗಳನ್ನು ಒಣಗಿಸಿ, ಕಾಗದದಲ್ಲಿ ಸುತ್ತಿ, ಜಿಲ್ಲಾ ಕೇಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಅಲ್ಲಿ ನಮ್ಮ ಘಟಕದ ದೊಡ್ಡ ಡಾಕ್ಟರು ನೋಡಿ, ವರದಿ ಬರೆದು, ಅದೇ ಬಸ್ಸಿಗೆ ಹಾಕುತ್ತಿದ್ದರು. ಆಗ ನನಗೆ ಇಪ್ಪತ್ತೆರಡು. ದಿನವೂ ತೆಗೆದದ್ದೆಷ್ಟು, ಕೆಟ್ಟದ್ದೆಷ್ಟು, ವರದಿ ಬಂದದ್ದೆಷ್ಟು ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಮೊದಲ ತಿಂಗಳು ಐದಕ್ಕೊಂದು ಫಿಲಂ ಕೆಟ್ಟಿದೆ. ಅದರಲ್ಲಿ ಅರ್ಧ ನನ್ನ ಕೈಯಿಂದ, ಉಳಿದರ್ಧ ರೋಗಿ ಕೆಮ್ಮಿದ್ದರಿಂದ.

ಜನರಿಗೆ ನಮ್ಮ ಮೇಲೆ ನಂಬಿಕೆ ಇರಲಿಲ್ಲ. ಹೆಸರು, ತಂದೆಯ ಹೆಸರು, ಊರು ಬರೆದುಕೊಳ್ಳುತ್ತಿದ್ದೆವಲ್ಲ, ಅದು ಪಹಣಿಗೆ ಸೇರುತ್ತದೆ ಎಂದು ಒಂದು ಸುದ್ದಿ. ಗೇಣಿದಾರರು ನಾವು ತಮ್ಮ ಹೆಸರು ತೆಗೆಸುವುದಕ್ಕೆ ಬಂದವರು ಎಂದುಕೊಂಡರು, ಜಮೀನಿನವರು ಗೇಣಿದಾರರ ಹೆಸರು ಸೇರಿಸುವುದಕ್ಕೆ ಬಂದವರು ಎಂದುಕೊಂಡರು. ಬಳ್ಳಿಗಾವಿಯ ಕಡೆಯಿಂದ ಬಂದ ಮುದುಕರೊಬ್ಬರು ಯಂತ್ರವನ್ನು ಸುತ್ತುಹಾಕಿ ನೋಡಿ, ಕ್ಯಾಂಪಿನ ಡಾಕ್ಟರ ಹತ್ತಿರ ಹೋಗಿ, "ಹೊಟ್ಟಿ ಒಳಗಿಂದೆಲ್ಲ ಕಾಣ್ತೈತಂತಲ್ರೀ. ಹಂಗಾರ ಯಾರು ಸುಳ್ಳು ಹೇಳ್ತಾರ ಅನ್ನದೂ ಕಾಣಬೇಕಲ್ಲ" ಎಂದರು.

"ಅದು ಕಾಣೋ ಹಾಗಿದ್ದರೆ ನಮ್ಮನ್ನ ಈ ಕೆಲಸಕ್ಕೆ ತಗೋತಾನೇ ಇರಲಿಲ್ಲ ಅಜ್ಜ" ಎಂದರು ಡಾಕ್ಟರು.

ಈ ಡಾಕ್ಟರು ನರಹರಿ. ಮೈಸೂರಿನ ಕಡೆಯವರು, ಮೆತ್ತಗಿನ ಮಾತು. ಕೆಲಸದಲ್ಲಿ ಎಚ್ಚರ, ಮೇಲಿನವರ ಮುಂದೆ ಮಾತ್ರ ಬಾಯಿ ಬಾರದು. ಹೆಂಗಸರ ಫಿಲಂ ತೆಗೆಯುವಾಗ ನಾನಾಗಲಿ ಅವರಾಗಲಿ ಪರದೆಯ ಒಳಗೆ ಹೋಗುವಂತಿರಲಿಲ್ಲ. ಅದಕ್ಕೆ ಈರಮ್ಮ ಎಂಬ ಆಯಾ ಇದ್ದರು. ಶಿಕಾರಿಪುರದವರೇ, ನಡುವಯಸ್ಸು. ಹೆಂಗಸರನ್ನು ಒಳಗೆ ಕರೆದುಕೊಂಡು, ನಾವು ಕಲಿಸಿದ ಪ್ರಶ್ನೆ ಕೇಳಿ, ಸರಿಯಾಗಿ ನಿಲ್ಲಿಸಿ ಹೊರಗೆ ಬರುವುದು ಅವರ ಕೆಲಸ. ನಾವು ಕಲಿಸಿದ ಪ್ರಶ್ನೆ ಒಂದೇ: ಮೈಮೇಲೆ ಬೆಳ್ಳಿ, ಬಂಗಾರ, ಪಿನ್ನು, ಕೊಕ್ಕೆ ಏನಾದರೂ ಇದೆಯೇ? ಲೋಹ ಇದ್ದರೆ ಫಿಲಂ ಮೇಲೆ ಬೆಳ್ಳಗೆ ಬೀಳುತ್ತದೆ, ಅದರ ಹಿಂದಿನದು ಕಾಣುವುದಿಲ್ಲ. ಆ ಕಡೆ ಲಿಂಗವಂತರು ಹೆಚ್ಚು. ಲಿಂಗದ ಬೆಳ್ಳಿಯ ಕರಡಿಗೆ ಕೊರಳಲ್ಲಿದ್ದರೆ ದಾರ ಜಗ್ಗಿ ಹೆಗಲ ಮೇಲಕ್ಕೆ ಸರಿಸುತ್ತಿದ್ದೆವು. ಮರೆತರೂ ಕರಡಿಗೆಯ ಆಕಾರ ಫಿಲಂನಲ್ಲಿ ಎಂಥವರಿಗೂ ಗುರುತು ಸಿಗುತ್ತಿತ್ತು.

ಜಿಲ್ಲಾ ಕೇಂದ್ರದ ದೊಡ್ಡ ಡಾಕ್ಟರನ್ನು ನಾನು ನೋಡಿದ್ದು ಎರಡೇ ಸಲ. ಅವರ ವರದಿಗಳು ಒಂದು ಸಾಲಿನವು. "ಸರಿ ಇದೆ." "ಬಲಕ್ಕೆ ನೆರಳು." "ನೋಡಿ." ಏನನ್ನು ನೋಡಬೇಕು, ನೋಡಿ ಏನು ಮಾಡಬೇಕು ಎಂಬುದು ಇರುತ್ತಿರಲಿಲ್ಲ. ನರಹರಿಯವರು ಆ ಚೀಟಿಗಳನ್ನು ತಿರುಗಿಸಿ ಹಿಂಬದಿಯನ್ನೂ ನೋಡುತ್ತಿದ್ದರು, ಅಲ್ಲೇನಾದರೂ ಬರೆದಿದ್ದಾರೋ ಎಂದು. ಒಮ್ಮೆ ಬರೆದು ಕೇಳಿ ಸಾರ್ ಎಂದೆ. ಅವರು, "ಕೇಳಿದರೆ ನನಗೆ ಓದೋಕೆ ಬರಲ್ಲ ಅಂದ್ಕೋತಾರೆ ಕಣಯ್ಯ" ಎಂದರು.

1958ರ ಸಂಕ್ರಾಂತಿ ಕಳೆದ ಮೇಲಿನ ಸೊರಬದ ಕ್ಯಾಂಪಿನಲ್ಲಿ ಬಸಮ್ಮ ಬಂದಳು. ಉಡುತಡಿಯ ಹೆಣ್ಣುಮಗಳು, ಸೊರಬದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಮೊದಲ ಹೆರಿಗೆಯಾಗಿ ಗಂಡುಮಗು ಹುಟ್ಟಿ ಮೂರು ತಿಂಗಳಾಗಿತ್ತು. ಕೆಮ್ಮು, ಸಂಜೆ ಸಂಜೆ ಜ್ವರ. ಜೊತೆಗೆ ಬಂದವರು ಮಾವ ಚನ್ನಬಸಪ್ಪನವರು. ಜಮೀನೂ ಇತ್ತು, ಸೊರಬದ ಪೇಟೆಯಲ್ಲಿ ಕಾಳಿನ ವ್ಯಾಪಾರವೂ ಇತ್ತು. ಬಿಳಿ ರುಮಾಲು, ಅಳೆದು ಆಡುವ ಮಾತು. ಈರಮ್ಮ ಬಸಮ್ಮನನ್ನು ಪರದೆಯೊಳಗೆ ಕರೆದೊಯ್ದು ಪ್ರಶ್ನೆ ಕೇಳಿದ್ದು ಹೊರಗೆ ನನಗೂ ಕೇಳಿಸಿತು. ಏನೂ ಇಲ್ಲ ಎಂದಳು. ತಾಳಿ ಬೆನ್ನಿಗೆ ಸರಿಸಿದರು. ಫಿಲಂ ತೆಗೆದೆ.

ಹತ್ತು ಹನ್ನೆರಡು ದಿನಕ್ಕೆ ವರದಿ ಬಂತು. "ಎಡಕ್ಕೆ ನಡುಭಾಗದಲ್ಲಿ ದುಂಡು ನೆರಳು. ಕ್ಷಯ ಇರಬಹುದು." ಅಷ್ಟೇ.

ನರಹರಿಯವರು ಅದಕ್ಕೂ ಮುಂಚೆ ಕಫ ಪರೀಕ್ಷೆ ಮಾಡಿದ್ದರು. ಅದರಲ್ಲಿ ಏನೂ ಸಿಕ್ಕಿರಲಿಲ್ಲ. ಇದನ್ನೂ ವರದಿಯನ್ನೂ ಚನ್ನಬಸಪ್ಪನವರಿಗೆ ಹೇಳಿದರು. ಇರಬಹುದು ಅಂತ ಬರೆದಿದ್ದಾರೆ, ಇದೆ ಅಂತ ಅಲ್ಲ, ಇನ್ನೊಂದು ಸಲ ನೋಡೋಣ ಎಂದು ವಿವರಿಸಿದರು. ಚನ್ನಬಸಪ್ಪನವರು ತಲೆಯಾಡಿಸುತ್ತ ಕೇಳಿದರು. ಮರುದಿನವೇ ಸೊಸೆಯನ್ನು ಗಾಡಿಯಲ್ಲಿ ಉಡುತಡಿಗೆ ಕಳಿಸಿದರು. ಮಗುವನ್ನು ಕಳಿಸಲಿಲ್ಲ.

ಇದು ನಮಗೆ ಗೊತ್ತಾದದ್ದು ಮುಂದಿನ ಕ್ಯಾಂಪಿಗೆ ಅವರೇ ಮತ್ತೆ ಬಂದಾಗ. ಬೆಂಚಿನ ಮೇಲೆ ಕೂತು, "ನೋಡಿ ಡಾಕ್ಟ್ರೇ, ನಮಗೆ ಮುಚ್ಚುಮರೆ ಬ್ಯಾಡ. ಕಾಯಿಲೆ ಐತೆ ಅಂತ ಒಂದು ಕಾಗದ ಮೊಹರು ಹಾಕಿ ಕೊಟ್ಬಿಡಿ. ಅವಳ ಕಡೆಯೋರು ನಾಳೆ ಪಂಚಾಯ್ತಿ ಮಾಡಿಸಿದ್ರೆ ನಮ್ಮ ಕೈಲಿ ಏನಾದ್ರೂ ಇರಬೇಕಲ್ಲ" ಎಂದರು.

ಮಗು ಎಲ್ಲಿ ಎಂದು ನರಹರಿ ಕೇಳಿದರು. ಅದರ ಅಜ್ಜಿ ನೋಡ್ಕೊಂತಾಳೆ, ಹಸುವಿನ ಹಾಲು ಕುಡಿಸ್ತಾರೆ ಎಂದರು.

ಈರಮ್ಮ ಅವರನ್ನು ನಂಬಲಿಲ್ಲ. ಮೊಹರಿನ ಕಾಗದ ಕೈಗೆ ಸಿಕ್ಕ ತಕ್ಷಣ ಮಗನಿಗೆ ಬೇರೆ ಹೆಣ್ಣು ನೋಡುತ್ತಾರೆ ಎಂದು ನಮ್ಮಿಬ್ಬರಿಗೂ ಹೇಳಿದರು. ನನಗೂ ಹಾಗೇ ಅನಿಸಿತು. ಆದರೆ ಈಗ ಯೋಚಿಸಿದರೆ ಆ ಮನುಷ್ಯನಿಗೆ ಮೊಮ್ಮಗನ ಬಗ್ಗೆ ನಿಜವಾದ ಹೆದರಿಕೆಯೂ ಇತ್ತು. ಕ್ಷಯದಿಂದ ಒಂದು ಮನೆ ಪೂರ್ತಿ ಖಾಲಿಯಾದದ್ದನ್ನು ಆ ಕಾಲದವರು ಕಣ್ಣಾರೆ ಕಂಡವರು. ಎರಡೂ ಒಟ್ಟಿಗೇ ಇದ್ದವೋ ಏನೋ. ನರಹರಿಯವರಂತೂ ಕಾಗದ ಕೊಡಲಿಲ್ಲ. ದೊಡ್ಡ ಡಾಕ್ಟರ ಸಹಿ ಬೇಕು, ಬರೆದು ಕೇಳಿದ್ದೇನೆ ಎಂದರು. ಆಗಿನ್ನೂ ಬರೆದಿರಲಿಲ್ಲ. ಅಂದು ಮಧ್ಯಾಹ್ನ ಬರೆದು, ಫಿಲಂ ಜೊತೆಗೆ ಕಳಿಸಿದರು.

ಆ ಪತ್ರ ತಲುಪುವಷ್ಟರಲ್ಲಿ ದೊಡ್ಡ ಡಾಕ್ಟರು ನಿವೃತ್ತರಾಗಿ ಅವರ ಜಾಗಕ್ಕೆ ಡಾಕ್ಟರ್ ವಿಮಲಾಬಾಯಿ ಬಂದಿದ್ದರು.

ವಿಮಲಾಬಾಯಿಯವರಿಗೆ ಎಲ್ಲದರ ಮೇಲೂ ಅನುಮಾನ. ಬಂದ ವಾರದಲ್ಲೇ ನನಗೊಂದು ಏಟು ಬಿತ್ತು. ಶಿಕಾರಿಪುರದಲ್ಲಿ ನಾವು ನೀರು ಸೇದುತ್ತಿದ್ದ ಬಾವಿ ತಳ ಕಂಡಿತ್ತು. ಅಂಜನಾಪುರದ ಕಾಲುವೆಯ ನೀರನ್ನು ಡ್ರಮ್ಮಿನಲ್ಲಿ ತರಿಸಿ ಫಿಲಂ ತೊಳೆದೆ. ಸೋಸಿದ್ದೆ, ಆದರೂ ಸಣ್ಣ ಮಣ್ಣು ಉಳಿದು ಫಿಲಂಗೆ ಅಂಟಿ ಒಣಗಿತು. ಆ ದಿನದ ಫಿಲಂಗಳಲ್ಲೆಲ್ಲ ಎದೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆ. ವಿಮಲಾಬಾಯಿಯವರ ಉತ್ತರ ಬಂತು: ಒಂದೇ ದಿನ ಬಂದ ಅಷ್ಟೂ ಜನರಿಗೆ ಒಂದೇ ರೋಗ ಇರುವುದು ಹೇಗೆ? ಈ ಚುಕ್ಕೆಗಳು ದೇಹದ ಗೆರೆಯ ಹೊರಗೂ ಇವೆ. ಗಾಳಿಗೆ ಕ್ಷಯ ಬರುವುದಿಲ್ಲ. ಯಾವ ನೀರಲ್ಲಿ ತೊಳೆದಿರಿ, ಒಣಗಿಸಿದ್ದು ಎಲ್ಲಿ, ತಿಳಿಸಿ.

ನನಗೆ ಅವಮಾನವೆನಿಸಿತು. ನರಹರಿಯವರು ಮಾತ್ರ ಆ ಪತ್ರವನ್ನು ಎರಡೆರಡು ಸಲ ಓದಿ, "ಈಯಮ್ಮ ಕೇಳ್ತಾರಲ್ಲ, ಅದೇ ಸಾಕು" ಎಂದರು. ಅವರ ಬಾಯಿಗೆ ಸ್ವಲ್ಪ ಬಲ ಬಂದದ್ದು ಆ ದಿನದಿಂದ.

ಬಸಮ್ಮನ ಫಿಲಂ ಬಗ್ಗೆಯೂ ವಿಮಲಾಬಾಯಿಯವರು ಪ್ರಶ್ನೆಗಳನ್ನೇ ಕಳಿಸಿದರು. ನೆರಳಿನ ಅಂಚು ಒಂದು ಕಡೆ ತುಂಬ ನುಣುಪಾಗಿದೆ, ಇನ್ನೊಂದು ಕಡೆ ಅಲುಗಿದ ಹಾಗಿದೆ. ಇದು ಒಳಗಿನದೋ ಹೊರಗಿನದೋ ಒಂದೇ ಫಿಲಂ ನೋಡಿ ನಾನು ಹೇಳಲಾರೆ, ಮೊದಲಿದ್ದವರೂ ಹೇಳಬಾರದಿತ್ತು. ಆ ಜಾಗದಲ್ಲಿ ಚರ್ಮದ ಮೇಲೆ ಏನಿದೆ? ಗಂಟು, ಕುರು, ಗುಂಡಿ, ತಾಯಿತ? ಕೇಳಿ ಬರೆಯಬೇಡಿ, ಕಣ್ಣಿಂದ ನೋಡಿ ಬರೆಯಿರಿ.

ಏಪ್ರಿಲ್‌ನಲ್ಲಿ ಶಿಕಾರಿಪುರದ ಕ್ಯಾಂಪಿಗೆ ಬರುವಂತೆ ಉಡುತಡಿಗೆ ಹೇಳಿಕಳಿಸಿದೆವು. ಬಸಮ್ಮ ಅಣ್ಣನ ಜೊತೆ ಬಂದಳು. ಕೆಮ್ಮು ನಿಂತಿತ್ತು, ಜ್ವರ ಇರಲಿಲ್ಲ, ಆದರೆ ಮುಖದಲ್ಲಿ ಕಳೆ ಇರಲಿಲ್ಲ. ಅಣ್ಣ ದೂರದಲ್ಲಿ ಬೇವಿನ ಮರದ ಕೆಳಗೆ ಕೂತ. ತಂಗಿಯ ಹತ್ತಿರ ಕೂರಲು ಅವನಿಗೂ ಅಳುಕು ಎಂದು ಕಂಡಿತು. ನರಹರಿಯವರು ಈರಮ್ಮನಿಗೆ ಜಾಗ ತೋರಿಸಿ ಹೇಳಿದರು: ಎಡಗಡೆ, ಇಲ್ಲಿ, ಚರ್ಮದ ಮೇಲೆ ಏನಿದೆ ಎಂದು ಕೈಯಿಟ್ಟು ನೋಡಿಕೊಂಡು ಬಾ.

ಈರಮ್ಮ ಪರದೆಯೊಳಗೆ ಹೋಗಿ ಬಂದರು.

"ಏನೂ ಇಲ್ರಿ."

"ಏನೂ ಇಲ್ವಾ? ಗಂಟು? ಮಚ್ಚೆ?"

"ಏನೂ ಇಲ್ರಿ. ಲಿಂಗ ಐತಿ, ಅಷ್ಟ."

ನರಹರಿಯವರು ಕೂತಲ್ಲಿಂದ ಎದ್ದರು. "ಕರಡಿಗೆ ಇರಲಿಲ್ಲವಲ್ಲ ಅವಳಿಗೆ?"

"ಕರಡಿಗಿ ಎಲ್ಲೈತ್ರಿ. ಅರಿವ್ಯಾಗ ಕಟ್ಕೊಂಡಾಳ, ನನ್ನಂಗ." ಈರಮ್ಮ ಸೆರಗಿನ ಮೇಲಿಂದ ತಮ್ಮ ಎದೆ ಮುಟ್ಟಿ ತೋರಿಸಿದರು. "ನೀವು ಬೆಳ್ಳಿ ಬಂಗಾರ ಅಂತ ಕೇಳಾಕ ಹೇಳಿದ್ರಿ. ಇದು ಬೆಳ್ಳಿ ಅಲ್ಲ, ಬಂಗಾರ ಅಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹುಟ್ಟಿದ ಮೇಲೆ ಕಟ್ಟಿದ್ದು, ಮಣ್ಣಿಗೆ ಹೋಗುವವರೆಗೆ ಮೈಮೇಲೆ ಇರುವುದು. ಮೈಮೇಲೆ ಏನಾದರೂ ಇದೆಯೇ ಎಂದು ಕೇಳಿದರೆ ಅದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? ಮೂಗು ಇದೆ ಎಂದು ನಾವು ಹೇಳುತ್ತೇವೆಯೇ? ಕೇಳಿದ ಈರಮ್ಮನಿಗೂ ಅದು ವಸ್ತುವಲ್ಲ, ಹೇಳಿದ ಬಸಮ್ಮನಿಗೂ ಅಲ್ಲ. ಬಟ್ಟೆಯೊಳಗಿನ ಆ ನುಣುಪಾದ ಸಣ್ಣ ಗುಂಡು ಎಕ್ಸ್‌ರೇಗೆ ಮಾತ್ರ ವಸ್ತುವಾಗಿತ್ತು. ನಮ್ಮ ಸಣ್ಣ ಯಂತ್ರಕ್ಕೆ ಫಿಲಂ ತೆಗೆಯಲು ಹೊತ್ತು ಹೆಚ್ಚು ಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಬಸಮ್ಮ ಕೆಮ್ಮು ತಡೆಯಲು ಒದ್ದಾಡಿರಬೇಕು, ಅಂಚು ಅಲುಗಿತ್ತು.

ನಾನು ಇನ್ನೇನು ಮುಗಿಯಿತು ಎಂದುಕೊಂಡೆ. ಲಿಂಗದ ನೆರಳು ಎಂದು ಬರೆದು ಕಳಿಸಿದರೆ ಆಯಿತಲ್ಲ ಎಂದೆ. ನರಹರಿಯವರು ಒಪ್ಪಲಿಲ್ಲ. ಲಿಂಗದ ಹಿಂದೆ ಏನಿದೆ ಎಂದು ಯಾರು ನೋಡಿದ್ದಾರೆ, ವಿಮಲಾಬಾಯಿಯವರು ಮೊದಲು ಕೇಳುವುದೇ ಅದನ್ನು ಎಂದರು. ಇನ್ನೊಂದು ಫಿಲಂ ತೆಗೆಯಲೇಬೇಕಿತ್ತು, ಲಿಂಗ ಎದೆಯ ಮೇಲಿಲ್ಲದೆ.

ಬಿಚ್ಚುತ್ತೀಯಾ ಎಂದು ಕೇಳಲು ಈರಮ್ಮನೇ ಒಪ್ಪಲಿಲ್ಲ. ಬಿಚ್ಚಿದರೆ ಅವಳು ನೀರು ಸಹ ಮುಟ್ಟುವುದಿಲ್ಲ ಎಂದರು. ದಾರ ಉದ್ದ ಇರಲಿಲ್ಲ, ಹೆಗಲಿಗೆ ಸರಿಸಿದರೆ ಶ್ವಾಸಕೋಶದ ಮೇಲ್ಭಾಗ ಮುಚ್ಚುತ್ತಿತ್ತು. ಅಂಗೈಯಲ್ಲಿ ಹಿಡಿದುಕೊಳ್ಳಲಿ, ಪೂಜೆ ಮಾಡುವಾಗ ಹಾಗೇ ಹಿಡಿಯುತ್ತಾರಲ್ಲ ಎಂದು ನಾನು ಸೂಚಿಸಿದೆ. ಆದರೆ ಎದೆಯ ಫಿಲಂಗೆ ಕೈಗಳನ್ನು ಸೊಂಟದ ಮೇಲಿಟ್ಟು ಮೊಣಕೈ ಮುಂದಕ್ಕೆ ತರಬೇಕು. ಲಿಂಗ ಹೊಕ್ಕುಳಿಂದ ಕೆಳಗೆ ಇಳಿಯಬಾರದು ಎಂದು ಈರಮ್ಮ ಅದನ್ನೂ ತಳ್ಳಿಹಾಕಿದರು. ನಾವು ಮೂವರೂ ಪರದೆಯ ಹೊರಗೆ ಚರ್ಚೆ ಮಾಡುತ್ತ ನಿಂತಿದ್ದಾಗ ಒಳಗಿನಿಂದ ಬಸಮ್ಮನ ದನಿ ಬಂತು.

"ತಲಿಗೆ ಕಟ್ಕೊಂಡ್ರ ಆಗದಿಲ್ಲೇನ್ರಿ? ನಮ್ಮಪ್ಪ ಹೊಳಿ ದಾಟೋವಾಗ ಹಂಗ ಮಾಡ್ತಿದ್ದ."

ಈರಮ್ಮ ಒಂದು ಗಳಿಗೆ ಯೋಚಿಸಿ, ತಲೆ ಆಗುತ್ತದೆ, ತಲೆ ಎದೆಗಿಂತ ಮೇಲಿನ ಜಾಗ ಎಂದರು. ಒಗೆದ ಬಿಳಿ ಬಟ್ಟೆಯ ಪಟ್ಟಿ ಕೇಳಿದರು. ಬ್ಯಾಂಡೇಜಿನ ಬಟ್ಟೆ ಹರಿದು ಕೊಟ್ಟೆವು. ಬಸಮ್ಮನ ಕೈಯಿಂದಲೇ ಲಿಂಗವನ್ನು ದಾರ ಸಮೇತ ನೆತ್ತಿಯ ಮೇಲಿಡಿಸಿ ಪಟ್ಟಿ ಸುತ್ತಿ ಕಟ್ಟಿದರು. ನಾನು ಫಿಲಂ ತೆಗೆದೆ. ಬಿಸಿಲಿಗೆ ಡೆವಲಪರ್ ದ್ರಾವಣ ಕಾದು ಫಿಲಂನ ಪದರ ಕರಗುವ ಕಾಲ ಅದು. ತೊಟ್ಟಿಗೆ ಒದ್ದೆ ಗೋಣಿ ಸುತ್ತಿ, ಬಾವಿಯ ತಳದ ನೀರನ್ನೇ ಸೋಸಿ ತೊಳೆದೆ. ಅಷ್ಟು ಹುಷಾರಾಗಿ ಅದುವರೆಗೆ ಯಾವ ಫಿಲಂ ತೊಳೆದಿರಲಿಲ್ಲ.

ಆ ದಿನದಿಂದ ನಮ್ಮ ಪ್ರಶ್ನೆ ಬದಲಾಯಿತು. ಏನಿದೆ ಎಂದು ಕೇಳುವುದನ್ನು ಬಿಟ್ಟು ಈರಮ್ಮ ಕೊರಳಿನಿಂದ ಸೊಂಟದವರೆಗೆ ಕೈಯಾಡಿಸಿ ನೋಡುತ್ತಿದ್ದರು. ಒಗೆದ ಬಿಳಿ ಪಟ್ಟಿಗಳ ಒಂದು ಗಂಟು ವ್ಯಾನಿನಲ್ಲಿ ಯಾವಾಗಲೂ ಇರುತ್ತಿತ್ತು. ಗಂಡಸರಿಗೂ ಅದೇ ಕ್ರಮ. ರುಮಾಲಿನ ಒಳಗೆ ಕಟ್ಟಿಕೊಂಡರೆ ಹೊರಗೆ ಕಾಣಿಸುತ್ತಲೂ ಇರಲಿಲ್ಲ.

ಅಂದು ಫಿಲಂ ಒಣಗುವ ತನಕ ಬಸಮ್ಮ ಹೋಗಲಿಲ್ಲ. ತೋರಿಸಿ ಎಂದಳು. ಎರಡನ್ನೂ ಬೆಳಕಿಗೆ ಹಿಡಿದು ತೋರಿಸಿದೆವು. ಮೊದಲನೆಯದರ ದುಂಡು ನೆರಳನ್ನು ತುಂಬ ಹೊತ್ತು ನೋಡಿದಳು. "ಇದನ್ನ ನೋಡಿ ನನ್ನ ಮಗನ್ನ ಕಸ್ಕೊಂಡ್ರಾ" ಎಂದಳು. ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. ತಪ್ಪಾಯಿತು ಎಂಬಂತೆ ಕೆನ್ನೆಗೆರಡು ಬಡಿದುಕೊಂಡು, ಸೆರಗು ಹೊದ್ದು ಹೋದಳು.

ನರಹರಿಯವರು ಎರಡೂ ಫಿಲಂ ಕಳಿಸುವಾಗ ಒಂದು ವಿನಂತಿ ಸೇರಿಸಿದರು. ವರದಿಯನ್ನು ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲೂ ನಿಮ್ಮ ಕೈಯಿಂದಲೇ ಬರೆದು ಸಹಿ ಮಾಡಿ, ನಾನು ಅನುವಾದ ಮಾಡಿದರೆ ಆ ಯಜಮಾನರು ನಾನೇ ತಿದ್ದಿದೆ ಎನ್ನುತ್ತಾರೆ ಎಂದು. ಹೀಗೆ ಮೇಲಿನವರನ್ನು ಏನನ್ನಾದರೂ ಕೇಳಿದ್ದು ಅವರ ನೌಕರಿಯಲ್ಲಿ ಅದೇ ಮೊದಲಿರಬೇಕು. ವರದಿ ಹಾಗೇ ಬಂತು. ಒಂದು ಪುಟ, ದುಂಡು ಅಕ್ಷರ.

ಸೊರಬದ ಮುಂದಿನ ಕ್ಯಾಂಪಿಗೆ ಎರಡೂ ಮನೆಯವರನ್ನು ಕರೆಸಿದೆವು. ಬಸಮ್ಮ ಅಣ್ಣನ ಜೊತೆ ಬೆಳಗಿನ ಬಸ್ಸಿಗೇ ಬಂದು ಜಗುಲಿಯ ಮೂಲೆಯಲ್ಲಿ ಕೂತಳು. ಚನ್ನಬಸಪ್ಪನವರ ಗಾಡಿ ಬಂದಾಗ ಹತ್ತೂವರೆ. ಗಾಡಿಯಿಂದ ಅವರು ಇಳಿದರು, ಮಗುವನ್ನೆತ್ತಿಕೊಂಡು ಅವರ ಹೆಂಡತಿ ಸಿದ್ದಮ್ಮ ಇಳಿದರು. ಬಸಮ್ಮನ ಗಂಡ ರುದ್ರಪ್ಪ ಎತ್ತುಗಳನ್ನು ಬಿಚ್ಚಿ ಗಾಡಿಯ ಹತ್ತಿರವೇ ನಿಂತ. ಮಗುವನ್ನು ನೋಡಿದ ಕೂಡಲೇ ಬಸಮ್ಮ ಎದ್ದಳು. ಸಿದ್ದಮ್ಮ ಗಂಡನ ಮುಖ ನೋಡಿ ಜಗುಲಿಯ ಇನ್ನೊಂದು ತುದಿಗೆ ಹೋಗಿ ಕೂತರು. ಬಸಮ್ಮನೂ ಕೂತಳು.

ನರಹರಿಯವರು ವರದಿ ಓದಲು ಶುರು ಮಾಡಿದರು.

"ಮೊದಲ ಫಿಲಂನಲ್ಲಿ ಎಡಗಡೆ ಕಂಡ ದುಂಡು ನೆರಳು ಮೈಮೇಲಿದ್ದ ಇಷ್ಟಲಿಂಗದ್ದು. ಎರಡನೆಯದನ್ನು ಲಿಂಗವನ್ನು ತಲೆಗೆ ಕಟ್ಟಿ ತೆಗೆದಿದ್ದಾರೆ. ಇದರಲ್ಲಿ ಆ ನೆರಳು ಇಲ್ಲ. ಮೊದಲು ಮುಚ್ಚಿಹೋಗಿದ್ದ ಭಾಗ ಈಗ ಪೂರ್ತಿ ಕಾಣುತ್ತದೆ, ಸ್ವಚ್ಛವಾಗಿದೆ. ಎರಡು ಶ್ವಾಸಕೋಶಗಳಲ್ಲೂ ಕ್ಷಯದ ಗುರುತು ಕಾಣುವುದಿಲ್ಲ."

ಚನ್ನಬಸಪ್ಪನವರು ಕೈ ಎತ್ತಿ ತಡೆದರು. ಎರಡೂ ಫಿಲಂ ಕೇಳಿ ತೆಗೆದುಕೊಂಡು ಅಂಗಳದ ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, ಕಾಳಿನ ಮಾದರಿ ನೋಡಿ ದರ ಹೇಳುವವರ ಹಾಗೆ ಮಾತಾಡಿದರು.

"ಇದರಾಗೆ ಲಿಂಗ ಐತೆ. ಇದು ನಮ್ಮ ಮನೆ ಸೊಸೇದು, ಒಪ್ಪಿದೆ. ಇದರಾಗೆ ಲಿಂಗ ಇಲ್ಲ. ಅಂದ ಮೇಲೆ ನೀವು ಲಿಂಗ ಬಿಚ್ಚಿಸಿದ್ದೀರೋ, ಇಲ್ಲ ಬ್ಯಾರೆಯೋರ ಫೋಟೋ ತಂದಿದ್ದೀರೋ? ಎರಡರಲ್ಲಿ ಒಂದು ಹೇಳ್ರಿ."

ಬಿಚ್ಚಿಸಿದೆವು ಎಂದರೆ ಬಸಮ್ಮನನ್ನು ಅವರು ಹೊಸಿಲು ದಾಟಿಸುವುದಿಲ್ಲ. ಬೇರೆಯವರದು ಎಂದರೆ ಕ್ಷಯ ಉಳಿಯಿತು. ತಲೆಗೆ ಕಟ್ಟಿದ್ದು, ವರದಿಯಲ್ಲೇ ಇದೆಯಲ್ಲ ಎಂದು ನರಹರಿ ಹೇಳಿದರು. ಬರೆದೋರು ಅಲ್ಲಿದ್ರಾ ಎಂದು ಚನ್ನಬಸಪ್ಪನವರು ಕೇಳಿದರು. ಈರಮ್ಮ ಮುಂದೆ ಬಂದು, ತಾನೇ ಕಟ್ಟಿದ್ದು, ಲಿಂಗದಾಣೆ ಎಂದರು.

"ನೀನು ಅವರ ಸಂಬಳದಾಕೆ ತಾಯಿ. ಅವರು ಹೇಳಿದಂಗೆ ಹೇಳ್ಬೇಕು. ತಪ್ಪಿಲ್ಲ ಬಿಡು."

ಈರಮ್ಮನ ಮುಖ ಕೆಂಪಾಯಿತು. ಬಸಮ್ಮನ ಅಣ್ಣ ಎದ್ದು ನಿಂತ. ಗಾಡಿಯ ಹತ್ತಿರ ರುದ್ರಪ್ಪ ಎತ್ತಿನ ಕೊರಳು ಸವರುತ್ತ ನೆಲ ನೋಡುತ್ತಿದ್ದ. ನನಗೆ ಆಗ ಆ ಗಂಡನ ಮೇಲೆ ಬಂದ ಸಿಟ್ಟು ಮಾವನ ಮೇಲೆ ಬಂದಿರಲಿಲ್ಲ.

"ವರದಿ ಇನ್ನೂ ಮುಗಿದಿಲ್ಲ" ಎಂದರು ನರಹರಿ. ಓದಿದರು. "ಎರಡೂ ಫಿಲಂಗಳಲ್ಲಿ ಬಲಗಡೆ, ಕತ್ತಿನಿಂದ ಹೆಗಲಿಗೆ ಹೋಗುವ ಎಲುಬು ಹಿಂದೆಂದೋ ಮುರಿದು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ. ಕೂಡಿದ ಜಾಗ, ಸೊಟ್ಟ, ಎರಡರಲ್ಲೂ ಒಂದೇ. ಆದ್ದರಿಂದ ಎರಡೂ ಒಬ್ಬರದೇ ಫಿಲಂ ಎಂದು ಹೇಳುತ್ತೇನೆ. ಬೇಕಾದರೆ ರೋಗಿಯ ಮೈ ಮುಟ್ಟಿ ನೋಡಬಹುದು."

ಆ ಸಾಲನ್ನು ವಿಮಲಾಬಾಯಿಯವರು ಬರೆದದ್ದು ಚನ್ನಬಸಪ್ಪನವರಿಗಾಗಿ ಅಲ್ಲ. ಈ ಯಜಮಾನರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಮಣ್ಣಿನ ನೀರಲ್ಲಿ ಫಿಲಂ ತೊಳೆದ ಹುಡುಗ ಹೆಸರನ್ನೂ ಅದಲುಬದಲು ಮಾಡಿರಬಹುದು ಎಂಬ ಅನುಮಾನದಿಂದ, ನನ್ನನ್ನು ಪರೀಕ್ಷಿಸಲು ಎರಡೂ ಫಿಲಂಗಳ ಎಲುಬು ಎಲುಬನ್ನೂ ಹೋಲಿಸಿ ನೋಡಿದ್ದರು. ಇದನ್ನು ಅವರೇ ಮುಂದೆ ನನಗೆ ನೇರವಾಗಿ ಹೇಳಿದರು. ರೋಗಕ್ಕೆ ಸಂಬಂಧವಿಲ್ಲದ ಹಳೆಯ ಮುರಿತ ಎಂದು ಬಿಟ್ಟುಬಿಡಬಹುದಿತ್ತು. ಹಿಂದಿನವರು ಬಿಟ್ಟಿದ್ದರು.

ಚನ್ನಬಸಪ್ಪನವರ ಕಣ್ಣು ಫಿಲಂ ಮೇಲೇ ಇತ್ತು. "ಎಲುಬಿನ ಮಾತು ನಮಗೇನು ಗೊತ್ತಾಗ್ತದೆ" ಎಂದರು.

"ನನಗೆ ಗೊತ್ತು."

ಹೇಳಿದವರು ಸಿದ್ದಮ್ಮ. ಅದುವರೆಗೆ ಅವರ ದನಿ ನಾವು ಕೇಳಿರಲಿಲ್ಲ.

"ನೀನು ಸುಮ್ಮನಿರು."

"ಇಷ್ಟು ದಿನ ಸುಮ್ಮನೇ ಇದ್ನಲ್ಲ." ಸಿದ್ದಮ್ಮ ಮಗುವನ್ನು ಈ ತೊಡೆಯಿಂದ ಆ ತೊಡೆಗೆ ಬದಲಿಸಿದರು. ಗಂಡನ ಕಡೆ ನೋಡದೆ ನರಹರಿಯವರಿಗೆ ಹೇಳಿದರು. "ಬಲಗಡೆ, ಹೆಗಲ ಮುಂದೆ ಗಂಟು ಐತೆ ಅವಳಿಗೆ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು ನಾನೇ. ಮೊದಲ ದಿನಾನೇ ಕೈಗೆ ಸಿಕ್ತು. ಇದೇನೇ ಅಂದೆ. ಸಣ್ಣೋಳಿದ್ದಾಗ ಗಾಡಿಯಿಂದ ಬಿದ್ದಿದ್ದೆ ಅತ್ತೆಮ್ಮ ಅಂದ್ಲು. ಆ ಎರಡು ಫೋಟೋದಾಗೂ ಅದು ಐತೆ ಅಂದ್ರೆ ಎರಡೂ ಅವಳವೇ. ಮತ್ತೇನು ನೋಡ್ಬೇಕು?"

ನರಹರಿಯವರು ಉಳಿದ ಸಾಲನ್ನು ಓದಿದರು: ಜ್ವರ, ಕೆಮ್ಮು ಮರುಕಳಿಸಿದರೆ ಮಾತ್ರ ಮತ್ತೆ ಫಿಲಂ ಬೇಕು. ಆಮೇಲೆ ತಮ್ಮ ಮಾತು ಸೇರಿಸಿದರು, ತಾಯಿಯಿಂದ ಮಗುವನ್ನು ದೂರ ಇಡಲು ಕಾರಣ ಇಲ್ಲ, ಇದನ್ನು ಮೊಹರು ಹಾಕಿ ಬರೆದುಕೊಡುತ್ತೇನೆ ಎಂದು.

ಸಿದ್ದಮ್ಮ ಎದ್ದು ಬಂದು ಮಗುವನ್ನು ಬಸಮ್ಮನ ಮಡಿಲಲ್ಲಿ ಇಟ್ಟರು. ಮಗುವಿಗೆ ಗುರುತು ಹತ್ತಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಮಾಡಿ, ಕೈ ಚಾಚಿ ಅಜ್ಜಿಯ ಕಡೆಗೆ ಅಳತೊಡಗಿತು. ಬಸಮ್ಮ ಅದನ್ನು ಅವಚಿಕೊಂಡು ಪರದೆಯ ಹಿಂದೆ ಹೋದಳು, ಈರಮ್ಮನೂ ಹೋದರು. ಅಳು ನಿಲ್ಲಲಿಲ್ಲ, ಇನ್ನೂ ಹೆಚ್ಚಾಯಿತು. ನಾನು ಡೇರೆಯ ಹತ್ತಿರ ಹೋಗಿ ಮಾಡಲು ಏನೂ ಕೆಲಸವಿಲ್ಲದೆ ನಿಂತೆ.

ಸ್ವಲ್ಪ ಹೊತ್ತಿಗೆ ಈರಮ್ಮ ಹೊರಗೆ ಬಂದರು. ನರಹರಿಯವರ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಹಾಲು ಬತ್ತಿ ಹೋಗೈತ್ರಿ" ಎಂದರು.

ನರಹರಿಯವರು ಕೈಯಲ್ಲಿದ್ದ ವರದಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಸರಿಯಾದ ವರದಿಯೇ ಅದು. ಸಂಕ್ರಾಂತಿಯ ಫಿಲಂಗೆ ಬೇಸಿಗೆಯಲ್ಲಿ ಬಂದಿತ್ತು.

ತಗ್ಗಿಸಿ ಹೇಳಿದರೂ ಸಿದ್ದಮ್ಮನಿಗೆ ಕೇಳಿಸಿತ್ತು. ಗಾಡಿಯ ಹತ್ತಿರ ಹೋಗಿ, ಹಸುವಿನ ಹಾಲಿನ ತಂಬಿಗೆಯನ್ನೂ ಮಗುವಿಗೆ ಕುಡಿಸುವ ಒಳಲೆಯನ್ನೂ ತಂದು ಪರದೆಯೊಳಗೆ ಹೋದರು. ಒಳಗೆ ಏನೋ ಮಾತಾಯಿತು, ನಮಗೆ ಕೇಳಿಸಲಿಲ್ಲ. ಅಳು ಬಿಕ್ಕಳಿಕೆಯಾಯಿತು, ಆಮೇಲೆ ಅದೂ ಇಲ್ಲ.

ಸಿದ್ದಮ್ಮ ಬರಿಗೈಯಲ್ಲಿ ಹೊರಗೆ ಬಂದರು. ಗಂಡನನ್ನು ದಾಟಿಕೊಂಡು ಹೋಗಿ ಮಗನಿಗೆ ಹೇಳಿದರು:

"ಎತ್ತು ಕಟ್ಟು ರುದ್ರಪ್ಪ. ಹಿಂದೆ ಹುಲ್ಲು ಜಾಸ್ತಿ ಹಾಸು. ಅವಳು ಮಗೂನ ಎತ್ಕೊಂಡು ಕೂತ್ಕೋಬೇಕು."